ಗಾಡಿಯ ಚಾವಿ ಕೊಡುವ ಮೊದಲು: ಮಕ್ಕಳ ಡ್ರೈವಿಂಗ್ ಕಲಿಕೆ ಕುರಿತು ಪೋಷಕರಿಗೆ ಕಿವಿಮಾತು

ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ಮನೆಗಳಲ್ಲಿ ಮಕ್ಕಳು ಹತ್ತನೇ ತರಗತಿ ಪಾಸಾದ ಕೂಡಲೇ ಎರಡು ಮಾತು ಏಳುತ್ತವೆ: ಇಂಟರ್ ಎಲ್ಲಿ ಓದಿಸೋದು, ಗಾಡಿ ಯಾವಾಗ ಕೊಡಿಸೋದು. ಕೃಷ್ಣಾ ಮಂಡಲದ ಹಳ್ಳಿಗಳಿಂದ ಮಕ್ತಲ್‌ಗೆ, ಇಲ್ಲವೇ ಹೊಳೆ ದಾಟಿ ರಾಯಚೂರಿಗೆ ಓದಲು ಹೋಗುವ ಮಕ್ಕಳಿದ್ದಾರೆ. ಬಸ್ಸು ಬೇಕಾದ ಹೊತ್ತಿಗೆ ಸಿಗುವುದಿಲ್ಲ, ಆಟೊದಲ್ಲಿ ಕಾಲಿಡಲು ಜಾಗವಿರುವುದಿಲ್ಲ. “ಎಪ್ಪಾ, ಕಾಲೇಜಿಗೆ ಹೊತ್ತಾಗ್ಯಾದ, ಚಾವಿ ಕೊಡು” ಎಂದು ಮಗ ಬಾಗಿಲಲ್ಲಿ ನಿಂತರೆ ಇಲ್ಲ ಎನ್ನಲು ಅಪ್ಪನಿಗೆ ಬಾಯಿ ಬರುವುದಿಲ್ಲ.

ಈ ತೊಂದರೆ ನಿಜವಾದದ್ದು. ಅದನ್ನು ಅರಿತೇ ಒಂದು ಮಾತು ಹೇಳಬೇಕಾಗಿದೆ. ಮಗ ಅಥವಾ ಮಗಳು ರಸ್ತೆಗೆ ಸಿದ್ಧರಾಗಿದ್ದಾರೆಯೇ ಎಂಬುದನ್ನು ಕೊನೆಗೆ ತೀರ್ಮಾನಿಸುವವರು ತಂದೆ ತಾಯಿಯೇ. ಆರ್‌ಟಿಒ ಕಚೇರಿ ಮಕ್ಕಳನ್ನು ಕೆಲವು ನಿಮಿಷ ನೋಡುತ್ತದೆ, ಡ್ರೈವಿಂಗ್ ಸ್ಕೂಲ್ ಮೂರು ವಾರ ನೋಡುತ್ತದೆ, ನೀವು ದಿನಾ ನೋಡುತ್ತೀರಿ. ಹಾಗಾಗಿ ಕಾಯ್ದೆ ಏನು ಹೇಳುತ್ತದೆ, ತರಬೇತಿಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿದುಕೊಂಡೇ ಚಾವಿ ಕೊಡಿ.

ವಯಸ್ಸಿನ ಲೆಕ್ಕ

1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಗಾಡಿ ನಡೆಸಲು 18 ವರ್ಷ ತುಂಬಿರಬೇಕು. ಬಾಡಿಗೆ ಆಟೊ, ಸರಕು ಸಾಗಿಸುವ ವಾಹನಗಳಂಥ ಸಾರಿಗೆ ವಾಹನಕ್ಕೆ 20 ವರ್ಷ. ಒಂದು ವಿನಾಯಿತಿ ಇದೆ: 16 ತುಂಬಿದವರು ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ 50 ಸಿಸಿ ಮೀರದ ಮೋಟಾರ್ ಸೈಕಲ್‌ಗೆ ಲೈಸೆನ್ಸ್ ಪಡೆಯಬಹುದು.

ಗೊಂದಲ ಹುಟ್ಟುವುದು ಈ ವಿನಾಯಿತಿಯಲ್ಲೇ. “ಹದಿನಾರಕ್ಕೇ ಲೈಸೆನ್ಸ್ ಕೊಡ್ತಾರಂತೆ” ಎಂದು ಕೇಳಿ ಮನೆಯ ಸ್ಕೂಟಿಯನ್ನು ಕೊಟ್ಟುಬಿಡುವವರಿದ್ದಾರೆ. ನಮ್ಮ ಮನೆಗಳ ಗಾಡಿಗಳನ್ನೇ ನೋಡಿ. ಸ್ಪ್ಲೆಂಡರ್ ಸುಮಾರು 97 ಸಿಸಿ, ಟಿವಿಎಸ್ ಎಕ್ಸ್‌ಎಲ್ ಸುಮಾರು 100 ಸಿಸಿ, ಆಕ್ಟಿವಾ ಸುಮಾರು 110 ಸಿಸಿ. ಇವುಗಳಲ್ಲಿ ಯಾವುದೂ ಹದಿನಾರರ ಲೈಸೆನ್ಸಿಗೆ ಒಳಪಡುವುದಿಲ್ಲ. ಇಂಟರ್ ಓದುವ ಮಕ್ಕಳ ವಯಸ್ಸು ಸಾಮಾನ್ಯವಾಗಿ 15ರಿಂದ 17. ಅಂದರೆ ಇಂಟರ್ ಮುಗಿಯುವವರೆಗೆ ಪೆಟ್ರೋಲ್ ಗಾಡಿಯ ಮಾತೇ ಬರುವುದಿಲ್ಲ.

ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಗಂಟೆಗೆ 25 ಕಿಲೋಮೀಟರ್ ವೇಗ ಮೀರದ, ಮೋಟಾರಿನ ಶಕ್ತಿ 250 ವ್ಯಾಟ್ ಮೀರದ, ನಿಯಮದಂತೆ ಪರೀಕ್ಷೆಯಾಗಿ ಮಾನ್ಯತೆ ಪಡೆದ ಗಾಡಿಯನ್ನು ಕಾಯ್ದೆ ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅದಕ್ಕೆ ಲೈಸೆನ್ಸ್ ಬೇಡ. ಅದಕ್ಕಿಂತ ಹೆಚ್ಚು ಓಡುವ ಎಲೆಕ್ಟ್ರಿಕ್ ಗಾಡಿಗೆ ಎಲ್ಲ ನಿಯಮಗಳೂ ಅನ್ವಯಿಸುತ್ತವೆ. ಅಂಗಡಿಯಲ್ಲಿ ವೇಗ ಹೆಚ್ಚಿಸಿ ಕೊಡುತ್ತೇನೆಂದರೆ ಒಪ್ಪಬೇಡಿ. ಹಾಗೆ ಮಾಡಿದ ಕ್ಷಣದಿಂದ ಅದು ಲೈಸೆನ್ಸ್ ಬೇಕಾದ ಗಾಡಿ. ಲೈಸೆನ್ಸ್ ಬೇಡದ ಗಾಡಿಯಾದರೂ ಮಗುವಿನ ತಲೆಗೆ ಹೆಲ್ಮೆಟ್ ಇರಲಿ.

ಟ್ರ್ಯಾಕ್ಟರಿಗೂ ರಸ್ತೆಯ ಮೇಲೆ ಇದೇ ನಿಯಮ. ಹದಿನಾಲ್ಕು ಹದಿನೈದರ ಹುಡುಗ ಹೊಲದಲ್ಲಿ ಚೆನ್ನಾಗಿ ಟ್ರ್ಯಾಕ್ಟರ್ ಹೊಡೆಯುತ್ತಾನೆ ಎಂದು ಹೆಮ್ಮೆ ಪಡುತ್ತೇವೆ. ಅದೇ ಹುಡುಗ ಹತ್ತಿ ತುಂಬಿದ ಟ್ರಾಲಿ ಕಟ್ಟಿಕೊಂಡು ಹೆದ್ದಾರಿಗೆ ಇಳಿದರೆ ಅದು ಅಪರಾಧ. ಟ್ರಾಲಿಯ ಭಾರ ಇಳಿಜಾರಿನಲ್ಲಿ ಹಿಂದಿನಿಂದ ನೂಕುವಾಗ ಹೇಗೆ ಹಿಡಿಯಬೇಕೆಂಬುದು ಹೊಲದಲ್ಲಿ ಕಲಿಯುವ ವಿದ್ಯೆಯಲ್ಲ.

ಸಿಕ್ಕಿಬಿದ್ದರೆ ಹೊಣೆ ಯಾರದು

2019ರ ತಿದ್ದುಪಡಿಯಲ್ಲಿ 199ಎ ಎಂಬ ಸೆಕ್ಷನ್ ಸೇರಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಅಪ್ರಾಪ್ತ ವಯಸ್ಸಿನವರು ಗಾಡಿ ನಡೆಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರನ್ನೇ ತಪ್ಪಿತಸ್ಥರೆಂದು ಅದು ಪರಿಗಣಿಸುತ್ತದೆ. ಶಿಕ್ಷೆ 3 ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. “ನನಗೆ ಗೊತ್ತಿಲ್ಲದೆ ಗಾಡಿ ತಗೊಂಡು ಹೋದ” ಎಂದರೆ ಸಾಲದು. ನಿಮ್ಮ ಒಪ್ಪಿಗೆಯಿಂದಲೇ ಹೋದ ಎಂದು ನ್ಯಾಯಾಲಯ ಮೊದಲು ಭಾವಿಸುತ್ತದೆ. ಹಾಗಲ್ಲ, ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಎಂದು ಸಾಬೀತು ಮಾಡಬೇಕಾದವರು ನೀವು.

25 ವರ್ಷದ ಮಾತನ್ನು ಮಕ್ಕಳಿಗೂ ಬಿಡಿಸಿ ಹೇಳಿ. ಪೊಲೀಸ್ ಕೆಲಸ, ಬಸ್ ಚಾಲಕನ ಹುದ್ದೆ, ಪಟ್ಟಣದಲ್ಲಿ ಡೆಲಿವರಿ ಕೆಲಸ, ಸ್ವಂತ ಟ್ಯಾಕ್ಸಿ ಎಂದು ಕನಸು ಕಾಣುವ ಹುಡುಗನಿಗೆ ಅದು ದಂಡಕ್ಕಿಂತ ದೊಡ್ಡ ನಷ್ಟ.

ವಿಮೆಯ ವಿಷಯ ಇನ್ನೂ ಕಠಿಣ. ಲೈಸೆನ್ಸ್ ಇಲ್ಲದವರು ನಡೆಸಿದ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ವಿಮಾ ಕಂಪನಿ ಮೊದಲು ಪರಿಹಾರ ಕಟ್ಟಿ, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡುವಂತೆ ನ್ಯಾಯಾಲಯಗಳು ಆದೇಶಿಸಿದ ಪ್ರಕರಣಗಳು ಬಹಳ. ನಿಮ್ಮ ಗಾಡಿಯ ರಿಪೇರಿಗೆ ಬಿಡಿಗಾಸೂ ಬರುವುದಿಲ್ಲ. ಒಂದು ಅಪಘಾತಕ್ಕೆ ಎರಡು ಎಕರೆ ಹೊಲ ಮಾರಬೇಕಾಗಿ ಬರಬಹುದು.

ಹದಿನೆಂಟಕ್ಕೆ ಮೊದಲು ಕಲಿಸಬಹುದಾದದ್ದು

ಕಾಯುವ ಎರಡು ವರ್ಷ ಖಾಲಿ ಹೋಗಬೇಕಿಲ್ಲ. ಡ್ರೈವಿಂಗಿನ ಅರ್ಧ ಭಾಗ ಕೈಕಾಲಿನ ಕೆಲಸ, ಉಳಿದರ್ಧ ಕಣ್ಣು ಮತ್ತು ಬುದ್ಧಿಯ ಕೆಲಸ. ಆ ಎರಡನೆಯ ಭಾಗವನ್ನು ಗಾಡಿ ಮುಟ್ಟದೆಯೇ ಕಲಿಸಬಹುದು.

ಮೊದಲು ಕಣ್ಣು ಪರೀಕ್ಷಿಸಿ. ಲೈಸೆನ್ಸಿನ ಅರ್ಜಿಯ ಜೊತೆ ಕೊಡುವ ಸ್ವಯಂಘೋಷಣೆಯಲ್ಲಿ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ ಎಂಬ ಪ್ರಶ್ನೆ ಇದೆ. ಮನೆ ಮುಂದೆ ಒಂದು ಕಾರು ನಿಲ್ಲಿಸಿ, ಮೂವತ್ತೈದು ಹೆಜ್ಜೆ ದೂರ ನಡೆಸಿ, ಓದಲು ಹೇಳಿ. ತಡವರಿಸಿದರೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ. ಕೆಂಪು ಹಸಿರು ಬಣ್ಣಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಾರೆಯೇ ಎಂಬುದನ್ನೂ ಆಗಲೇ ನೋಡಿಸಿ.

ಆಮೇಲೆ ರಸ್ತೆ ಫಲಕಗಳು. ಅವುಗಳ ಗುಟ್ಟು ಆಕಾರದಲ್ಲಿದೆ. ತ್ರಿಕೋನ ಎಚ್ಚರಿಸುತ್ತದೆ, ವೃತ್ತ ಆಜ್ಞೆ ಮಾಡುತ್ತದೆ, ಆಯತ ಮಾಹಿತಿ ಕೊಡುತ್ತದೆ. ಕೆಂಪು ಅಂಚಿನ ವೃತ್ತ ಬೇಡ ಎನ್ನುತ್ತದೆ, ನೀಲಿ ವೃತ್ತ ಹೀಗೆಯೇ ಮಾಡು ಎನ್ನುತ್ತದೆ. ತಲೆಕೆಳಗಾದ ತ್ರಿಕೋನ ಕಂಡರೆ ದಾರಿ ಬಿಡಬೇಕು, ಎಂಟು ಮೂಲೆಯ ಫಲಕ ಕಂಡರೆ ನಿಲ್ಲಬೇಕು. ಕನ್ನಡ, ತೆಲುಗು, ಉರ್ದು ಮೂರೂ ಮಾತಾಡುವ ನಮ್ಮ ಸೀಮೆಯಲ್ಲಿ ಈ ಭಾಷೆ ಎಲ್ಲರಿಗೂ ಒಂದೇ.

ಮೂರನೆಯದು, ನಿಮ್ಮ ಹಿಂದೆ ಕೂತು ಹೋಗುವಾಗ ಮಕ್ಕಳು ರಸ್ತೆ ಓದಲಿ. ಮಕ್ತಲ್‌ನಿಂದ ಕೃಷ್ಣಾ ಕಡೆಗೆ 167ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೊರಟರೆ ಪಾಠಗಳಿಗೇನೂ ಬರವಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಹೊತ್ತ ಟ್ಯಾಂಕರ್ ಮುಂದಿದೆ, ಎದುರಿಗೆ ಬಸ್ಸು, ಬದಿಗೆ ಎಮ್ಮೆ ಹಿಂಡು. “ಈಗ ಏನಾಗಬಹುದು? ನೀನಿದ್ದರೆ ಏನು ಮಾಡ್ತಿದ್ದೆ?” ಎಂದು ಕೇಳಿ. ಉತ್ತರ ತಪ್ಪಿದರೆ ಗದರಬೇಡಿ, ಕಾರಣ ಹೇಳಿ. ಹೀಗೆ ಕೇಳಿಸಿಕೊಂಡು ಬೆಳೆದ ಮಗುವಿನ ಕಣ್ಣು, ಕೈಗೆ ಹ್ಯಾಂಡಲ್ ಬರುವ ಮೊದಲೇ ಪಳಗಿರುತ್ತದೆ.

ಎಲ್‌ಎಲ್‌ಆರ್ ಮತ್ತು ಅದರ ಮಿತಿ

ಹದಿನೆಂಟು ತುಂಬಿದ ಮೇಲೆ ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಸ್ಲಾಟ್ ಹಾಕಿ ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್, ಪಡೆಯಬೇಕು. ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸಿ ಮೆಮೊ ಒಳ್ಳೆಯ ದಾಖಲೆ. ಆಧಾರ್‌ನಲ್ಲೂ ಮೆಮೊದಲ್ಲೂ ಹೆಸರು, ದಿನಾಂಕ ಒಂದೇ ಇವೆಯೇ ಎಂದು ಮೊದಲೇ ನೋಡಿಕೊಳ್ಳಿ. ಕಂಪ್ಯೂಟರ್ ಪರೀಕ್ಷೆಯಲ್ಲಿ ಶೇ. 60ರಷ್ಟು ಪ್ರಶ್ನೆಗಳಿಗೆ ಸರಿಯುತ್ತರ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಯಾವ ಭಾಷೆಯಲ್ಲಿ ಬರೆಯಲು ಅನುಕೂಲವೆಂದು ಸ್ಲಾಟ್ ಹಾಕುವಾಗಲೇ ನೋಡಿ ಆರಿಸಿ.

ಗಡಿಯ ಜನರಿಗೆ ಉಪಯೋಗವಾಗುವ ಒಂದು ಅಂಶ ಕಾಯ್ದೆಯಲ್ಲಿದೆ. ನೀವು ವಾಸಿಸುವ ರಾಜ್ಯದಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ನೀವು ಕಲಿಯುವ ಮಾನ್ಯ ಡ್ರೈವಿಂಗ್ ಸ್ಕೂಲ್ ಇರುವ ರಾಜ್ಯದಲ್ಲೂ ಹಾಕಬಹುದು. ರಾಯಚೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಅಲ್ಲೇ ಕಲಿಯುವ ಮಗುವಿಗೆ ಇದು ಅನುಕೂಲ. ಲೈಸೆನ್ಸ್ ಎಲ್ಲಿ ಪಡೆದರೂ ದೇಶಕ್ಕೆಲ್ಲ ನಡೆಯುತ್ತದೆ.

ಕಲಿಕಾ ಲೈಸೆನ್ಸ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ಸಿಕ್ಕ ಮೇಲೆ ಕನಿಷ್ಠ 30 ದಿನ ಕಳೆಯದೆ ಡ್ರೈವಿಂಗ್ ಪರೀಕ್ಷೆಗೆ ಹೋಗುವಂತಿಲ್ಲ. ಈ ಅವಧಿಯಲ್ಲಿ ಒಂಟಿಯಾಗಿ ಕಾರು ನಡೆಸುವಂತಿಲ್ಲ. ಲೈಸೆನ್ಸ್ ಇರುವ, ಗಾಡಿಯನ್ನು ತಡೆದು ನಿಲ್ಲಿಸಬಲ್ಲ ಜಾಗದಲ್ಲಿ ಕೂತ ಕಲಿಸುವವರು ಜೊತೆಗಿರಬೇಕು. ಬೈಕಿನ ಹಿಂದೆ ಗೆಳೆಯನನ್ನು ಕೂರಿಸುವಂತಿಲ್ಲ. ಗಾಡಿಯ ಮುಂದೆ ಹಿಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಫಲಕ ಇರಲೇಬೇಕು. ಅದನ್ನು ಹಾಕಿಕೊಳ್ಳಲು ಹುಡುಗರಿಗೆ ನಾಚಿಕೆ. ಹಿಂದೆ ಬರುವ ಲಾರಿಯವನು ಸ್ವಲ್ಪ ದೂರ ಬಿಟ್ಟು ಬರಲಿ ಎಂದೇ ಆ ಫಲಕ ಇರುವುದು ಎಂದು ತಿಳಿಸಿ ಹೇಳಿ.

ಡ್ರೈವಿಂಗ್ ಸ್ಕೂಲ್ ಆರಿಸುವಾಗ

ಸ್ವಂತ ಬಳಕೆಯ ಬೈಕು, ಕಾರಿನ ಲೈಸೆನ್ಸಿಗೆ ಡ್ರೈವಿಂಗ್ ಸ್ಕೂಲಿಗೆ ಹೋಗಲೇಬೇಕೆಂಬ ಕಡ್ಡಾಯವಿಲ್ಲ. ಶಾಲೆಯ ಪ್ರಮಾಣಪತ್ರ, ಅಂದರೆ ಫಾರಂ 5, ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾರಿಗೆ ವಾಹನಕ್ಕೆ ಮಾತ್ರ ಬೇಕು. ಹಾಗಿದ್ದರೂ ಕಾರು ಕಲಿಯುವ ಮಗುವನ್ನು ಸ್ಕೂಲಿಗೆ ಕಳಿಸಿ ಎಂದೇ ನನ್ನ ಸಲಹೆ. ಅಲ್ಲಿಯ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಬ್ರೇಕು, ಕ್ಲಚ್ ಇರುತ್ತವೆ. ನಿಮ್ಮ ಮನೆಯ ಕಾರಿನಲ್ಲಿ ಅದಿಲ್ಲ. ಮೇಲಾಗಿ, ಅಪ್ಪ ಕಲಿಸುವಾಗ ಅಪ್ಪನ ತಪ್ಪುಗಳೂ ಮಗನಿಗೆ ಬರುತ್ತವೆ.

ಸ್ಕೂಲಿಗೆ ಸೇರಿಸುವ ಮೊದಲು ನೀವೇ ಒಮ್ಮೆ ಹೋಗಿ ನೋಡಿ. ಸಾರಿಗೆ ಇಲಾಖೆಯ ಪರವಾನಗಿ ಗೋಡೆಯ ಮೇಲೆ ಕಾಣುವಂತೆ ಇದೆಯೇ? ಅದರ ಅವಧಿ 5 ವರ್ಷ, ಮುಗಿದಿದೆಯೇ? ಕಲಿಸುವವರು ಹತ್ತನೇ ತರಗತಿ ಪಾಸಾಗಿ, 5 ವರ್ಷದ ಚಾಲನಾ ಅನುಭವ ಹೊಂದಿ, ಮೋಟಾರ್ ಮೆಕ್ಯಾನಿಕ್ ತರಬೇತಿಯ ಪ್ರಮಾಣಪತ್ರ ಪಡೆದಿರಬೇಕು. ಕೇಳಿದರೆ ತೋರಿಸಲು ಹಿಂಜರಿಯುವ ಸ್ಕೂಲ್ ಬೇಡ. ಎಡಬದಿಗೆ ಬಗ್ಗಿ ಜೋಡಿ ಬ್ರೇಕ್ ಇದೆಯೇ ಎಂದು ಕಣ್ಣಾರೆ ನೋಡಿ.

ಎಲ್ಲಕ್ಕಿಂತ ಮುಖ್ಯ, ಗಂಟೆಗಳ ಲೆಕ್ಕ. ಸ್ವಂತ ಬಳಕೆಯ ವಾಹನದ ತರಬೇತಿ 21 ದಿನಕ್ಕೆ ಕಡಿಮೆ ಇರಬಾರದು, ಮಗು ಸ್ವತಃ ಸ್ಟಿಯರಿಂಗ್ ಹಿಡಿದ ಅವಧಿ 10 ಗಂಟೆಗೆ ಕಡಿಮೆ ಇರಬಾರದು ಎಂಬುದು ನಿಯಮ. ದಿನಕ್ಕೆ ಅರ್ಧ ಗಂಟೆಯಂತೆ 21 ದಿನವಾದರೆ ಹತ್ತೂವರೆ ಗಂಟೆ, ಲೆಕ್ಕ ಸರಿ. ಆದರೆ ಅರ್ಧ ಗಂಟೆಯ ಪಾಠಕ್ಕೆ ಒಂದೇ ಕಾರಿನಲ್ಲಿ ಮೂವರನ್ನು ಕೂರಿಸಿದರೆ ಒಬ್ಬೊಬ್ಬರಿಗೆ ಹತ್ತು ನಿಮಿಷ. 21 ದಿನ ಮುಗಿದಾಗ ಕೈಗೆ ಬಂದದ್ದು ಮೂರೂವರೆ ಗಂಟೆ. ದುಡ್ಡು ಪೂರ್ತಿ ಕಟ್ಟಿದ್ದೀರಿ, ಕಲಿತದ್ದು ಮೂರನೇ ಒಂದು ಭಾಗ. ಯಾರು ಎಷ್ಟು ಹೊತ್ತು ಓಡಿಸಿದರೆಂದು ಬರೆಯುವ ರಿಜಿಸ್ಟರ್ ಸ್ಕೂಲಿನಲ್ಲಿ ಇರಲೇಬೇಕು, ಅದಕ್ಕೆ ಫಾರಂ 15 ಎನ್ನುತ್ತಾರೆ. ವಾರಕ್ಕೊಮ್ಮೆ ಅದನ್ನು ಕೇಳಿ ನೋಡಿ. ಮಗುವೂ ಮನೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ದಿನದ ನಿಮಿಷಗಳನ್ನು ಬರೆದಿಡಲಿ.

ಪಠ್ಯಕ್ರಮದಲ್ಲಿ ಸ್ಟಿಯರಿಂಗ್ ಮಾತ್ರವಲ್ಲ, ರಸ್ತೆ ನಿಯಮ, ಗಾಡಿಯ ಯಂತ್ರದ ತಿಳಿವಳಿಕೆ, ಪ್ರಥಮ ಚಿಕಿತ್ಸೆಗಳೂ ಇವೆ. ಆ ಪಾಠಗಳನ್ನು ಬಿಟ್ಟುಬಿಡುವ ಸ್ಕೂಲಿನಲ್ಲಿ ಅವನ್ನೂ ಕೇಳಿ ಪಡೆಯಿರಿ.

2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳೆಂಬ ಹೊಸ ವ್ಯವಸ್ಥೆ ಬಂದಿದೆ. ಅಲ್ಲಿ ಕಾರಿನ ತರಬೇತಿ ನಾಲ್ಕು ವಾರದೊಳಗೆ 29 ಗಂಟೆ: 8 ಗಂಟೆ ಪಾಠ, 21 ಗಂಟೆ ಅಭ್ಯಾಸ. ಸಿಮ್ಯುಲೇಟರ್ ಮತ್ತು ಪರೀಕ್ಷಾ ಟ್ರ್ಯಾಕ್ ಇರಲೇಬೇಕು. ಅಲ್ಲಿ ಪಾಸಾದವರಿಗೆ ಆರ್‌ಟಿಒದಲ್ಲಿ ಮತ್ತೆ ಚಾಲನಾ ಪರೀಕ್ಷೆ ಇಲ್ಲ. ದೊಡ್ಡ ಊರಿನಲ್ಲಿ ಮಗು ಓದುತ್ತಿದ್ದು, ಹತ್ತಿರದಲ್ಲಿ ಇಂಥ ಕೇಂದ್ರವಿದ್ದರೆ ರಜೆಯಲ್ಲಿ ಅಲ್ಲೇ ಸೇರಿಸುವುದು ಲೇಸು.

ಒಂದು ಎಚ್ಚರಿಕೆ. “ಕಲಿಯೋದು ಆಮೇಲೆ, ಲೈಸೆನ್ಸ್ ನಾವು ಮಾಡಿಸ್ತೀವಿ” ಎನ್ನುವವರ ಕೈಗೆ ದುಡ್ಡು ಕೊಡಬೇಡಿ. ಹಾಗೆ ಬಂದ ಕಾರ್ಡನ್ನು ಮಗುವಿಗೆ ಕೊಡುವುದು, ಈಜು ಬಾರದ ಮಗುವನ್ನು ಹೊಳೆಗೆ ದೂಡಿದಂತೆ.

ಪರೀಕ್ಷೆ ನೋಡದ ಸಂಗತಿಗಳು

ಬೈಕಿಗೆ ಎಂಟರ ಆಕಾರದ ಟ್ರ್ಯಾಕು, ಕಾರಿಗೆ ‘ಎಚ್’ ಆಕಾರದ ಟ್ರ್ಯಾಕು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಎತ್ತುವುದು, ಹಿಂದಕ್ಕೆ ತೆಗೆಯುವುದು. ಇವೆಲ್ಲ ಗಾಡಿ ಹಿಡಿತಕ್ಕೆ ಬಂದಿದೆಯೇ ಎಂದು ತಿಳಿಯಲು ಬೇಕಾದ ಪರೀಕ್ಷೆಗಳು. ಆದರೆ ನಡೆಯುವುದು ಹಗಲಲ್ಲಿ, ಖಾಲಿ ಜಾಗದಲ್ಲಿ, ನಿಧಾನ ವೇಗದಲ್ಲಿ. ನಮ್ಮ ರಸ್ತೆಯ ಅಪಾಯ ಬೇರೆ ಹೊತ್ತಿನಲ್ಲಿ ಬೇರೆ ರೂಪದಲ್ಲಿ ಬರುತ್ತದೆ.

ಸುಗ್ಗಿಯ ದಿನಗಳ ಸಂಜೆಯನ್ನೇ ತೆಗೆದುಕೊಳ್ಳಿ. ರಸ್ತೆಯ ಅರ್ಧಕ್ಕೆ ಭತ್ತ ಹಾಸಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಕತ್ತಲಾದ ಮೇಲೆ ಭತ್ತದ ಮೇಲೆ ಕಪ್ಪು ತಾಡಪತ್ರಿ ಹೊದಿಸಿದರೆ ಕಲ್ಲೂ ಕಾಣದು, ರಾಶಿಯೂ ಕಾಣದು. ಸ್ವಲ್ಪ ಮುಂದೆ ಹಿಂದಿನ ದೀಪವೇ ಇಲ್ಲದ ಟ್ರಾಲಿ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಟ್ರಾಲಿಯನ್ನು ಕಂಡು, ಗುರುತಿಸಿ, ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಬೇಕೆಂದರೂ ಗಾಡಿ ಅಷ್ಟರಲ್ಲಿ 25 ಮೀಟರ್ ಹೋಗಿಬಿಟ್ಟಿರುತ್ತದೆ. ನಿಲ್ಲುವ ದೂರ ಇನ್ನೂ ಮುಂದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಕತ್ತಲಲ್ಲಿ ದೀಪದ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಸರಿಯಾದ ವೇಗ. ಈ ಒಂದು ಸೂತ್ರ ಮಗುವಿಗೆ ಬಾಯಿಪಾಠವಾಗಲಿ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,000ಕ್ಕೂ ಹೆಚ್ಚು. ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಿಸಿ, ಗದ್ದದ ಕೆಳಗೆ ಬೆಲ್ಟ್ ಬಿಗಿಯುವ ಅಭ್ಯಾಸ ಮಾಡಿಸಿ. ಬೆಲ್ಟ್ ಹಾಕದ ಹೆಲ್ಮೆಟ್ ಬಿದ್ದ ಕೂಡಲೇ ತಲೆಯಿಂದ ಹಾರಿಹೋಗುತ್ತದೆ.

ಲೈಸೆನ್ಸ್ ಬಂದ ಮೇಲಿನ ಆರು ತಿಂಗಳು

ಹೊಸ ಚಾಲಕರಿಗೆ ಹೆಚ್ಚು ಅಪಾಯ ಲೈಸೆನ್ಸ್ ಬಂದ ಮೊದಲ ತಿಂಗಳುಗಳಲ್ಲೇ. ರಾತ್ರಿಯಾದರೆ, ಜೊತೆಗೆ ಗೆಳೆಯರಿದ್ದರೆ ಅಪಾಯ ಇನ್ನೂ ಹೆಚ್ಚು. ಇದನ್ನು ಅರಿತ ದೇಶಗಳು ಲೈಸೆನ್ಸನ್ನು ಹಂತ ಹಂತವಾಗಿ ಕೊಡುತ್ತವೆ. ನ್ಯೂಜಿಲೆಂಡ್ 1987ರಲ್ಲೇ ಈ ಪದ್ಧತಿ ತಂದಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 25ರೊಳಗಿನವರು ಸಾಮಾನ್ಯವಾಗಿ 120 ಗಂಟೆ ಹಿರಿಯರ ಜೊತೆ ಓಡಿಸಿ ದಾಖಲೆ ತೋರಿಸಬೇಕು. ಅದರಲ್ಲಿ 20 ಗಂಟೆ ರಾತ್ರಿಯ ಚಾಲನೆ. ನಮ್ಮ 10 ಗಂಟೆ ಅದರ ಮುಂದೆ ಎಷ್ಟು ಚಿಕ್ಕದು ನೋಡಿ. ನಮ್ಮ ಕಾಯ್ದೆಯಲ್ಲಿ ಅಂಥ ಹಂತಗಳಿಲ್ಲ. ಮನೆಯಲ್ಲಿ ನಾವೇ ಹಾಕಿಕೊಳ್ಳಬಹುದು.

ಮೊದಲ ಎರಡು ತಿಂಗಳು ಹಗಲಲ್ಲಿ ಮಾತ್ರ, ಊರೊಳಗೆ ಮತ್ತು ಹಳ್ಳಿ ರಸ್ತೆಯಲ್ಲಿ ಮಾತ್ರ. ಕಾರಾದರೆ ಪಕ್ಕದಲ್ಲಿ ನೀವು ಅಥವಾ ಚೆನ್ನಾಗಿ ಓಡಿಸಬಲ್ಲ ಕಾಕಾ, ಮಾಮಾ ಯಾರಾದರೂ ಕೂತಿರಲಿ. ಮೂರನೇ ತಿಂಗಳಿಂದ ಹೆದ್ದಾರಿಗೆ ಕರೆದೊಯ್ಯಿರಿ, ಮುಂದಿನ ಗಾಡಿಗೆ ಮೂರು ಸೆಕೆಂಡಿನ ಅಂತರ ಬಿಡುವುದನ್ನು ಎಣಿಸಿ ಕಲಿಸಿ. ಮುಂದಿನ ಲಾರಿ ಒಂದು ಮರ ದಾಟಿದ ಮೇಲೆ ‘ಒಂದು, ಎರಡು, ಮೂರು’ ಎಂದು ನಿಧಾನವಾಗಿ ಎಣಿಸುವಷ್ಟರಲ್ಲಿ ನಿಮ್ಮ ಗಾಡಿ ಆ ಮರ ತಲುಪಬಾರದು. ಐದನೇ ತಿಂಗಳಿಂದ ನಿಮ್ಮ ಜೊತೆಯಲ್ಲಿ ಸಂಜೆ, ಮಳೆ, ರಾತ್ರಿಯ ಚಾಲನೆ. ಗದ್ವಾಲದವರು ಎರ್ರವಲ್ಲಿ ಚೌರಸ್ತಾದಲ್ಲಿ 44ನೇ ಹೆದ್ದಾರಿಗೆ ಸೇರುವುದನ್ನು ಈ ಹಂತಕ್ಕೆ ಇಟ್ಟುಕೊಳ್ಳಿ. ವೇಗವಾಗಿ ಬರುವ ವಾಹನಗಳ ನಡುವೆ ಸೇರಿಕೊಳ್ಳುವುದು ಹೊಸಬರಿಗೆ ತುಂಬ ಕಷ್ಟದ ಪಾಠ. ಈ ಆರು ತಿಂಗಳು ಗೆಳೆಯರನ್ನು ಹತ್ತಿಸಿಕೊಂಡು ತಿರುಗುವುದು, ಮೂವರು ಒಂದೇ ಬೈಕಿನಲ್ಲಿ ಹೋಗುವುದು ಬೇಡ. ಫೋನ್ ಜೇಬಿನಲ್ಲೇ ಇರಲಿ. ಮಗ ದಾರಿಯಲ್ಲಿದ್ದಾನೆಂದು ಗೊತ್ತಿದ್ದರೆ ನೀವೂ ಫೋನ್ ಮಾಡಬೇಡಿ.

ಅಪಘಾತ ಕಂಡರೆ ಏನು ಮಾಡಬೇಕೆಂಬುದನ್ನೂ ಹೇಳಿಕೊಡಿ. 108 ಅಥವಾ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಬೇಕು. ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಪೀಡಿಸದಂತೆ 134ಎ ಸೆಕ್ಷನ್ ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ಹೆದರಿ ಓಡಿಹೋಗುವ ಬದಲು ನಿಂತು ನೆರವಾಗುವ ಧೈರ್ಯವೂ ಚಾಲಕನ ವಿದ್ಯೆಯೇ.

ಹೆಣ್ಣುಮಕ್ಕಳ ಮಾತು, ನಮ್ಮ ನಡೆ

ಮಗನಿಗೆ ಗಾಡಿ ಕಲಿಸುವಷ್ಟೇ ಶ್ರದ್ಧೆಯಿಂದ ಮಗಳಿಗೂ ಕಲಿಸಿ. ಆಟೊ ಸಿಗದೆ ಕಾಲೇಜು ಬಿಟ್ಟ, ಸಿಕ್ಕ ಕೆಲಸ ಬಿಟ್ಟ ಹುಡುಗಿಯರು ನಮ್ಮ ಹಳ್ಳಿಗಳಲ್ಲಿ ಕಡಿಮೆ ಇಲ್ಲ. ಹದಿನೆಂಟಕ್ಕೆ ಸರಿಯಾಗಿ ಕಲಿತು ಪಡೆದ ಲೈಸೆನ್ಸ್ 40ನೇ ವಯಸ್ಸಿನವರೆಗೆ ನಡೆಯುತ್ತದೆ. ಅದು ಅವಳ ಓದಿಗೂ ದುಡಿಮೆಗೂ ದಾರಿಯಾಗುತ್ತದೆ.

ಇನ್ನು ನಮ್ಮ ನಡೆ. ಮಗು ಡ್ರೈವಿಂಗ್ ಕಲಿಯಲು ಶುರುಮಾಡುವುದು ಸ್ಕೂಲಿಗೆ ಸೇರಿದ ದಿನವಲ್ಲ, ನಿಮ್ಮ ಗಾಡಿಯ ಟ್ಯಾಂಕಿನ ಮೇಲೆ ಮೊದಲ ಸಲ ಕೂತ ದಿನ. ಹೆಲ್ಮೆಟನ್ನು ಕನ್ನಡಿಗೆ ನೇತುಹಾಕಿ ಪೊಲೀಸರು ಕಂಡಾಗ ಮಾತ್ರ ಹಾಕುವ ಅಪ್ಪ ಏನೇ ಹೇಳಿದರೂ ಮಗ ಕೇಳುವುದು ಅಪ್ಪನ ಕೈ ಮಾಡಿದ್ದನ್ನು.

ಆದ್ದರಿಂದ ಈ ವಾರವೇ ಮೂರು ಕೆಲಸ ಮಾಡಿ. ಮಗುವಿಗೆ 18 ಆಗುವವರೆಗೆ ಚಾವಿ ನಿಮ್ಮ ಕೈಯಲ್ಲೇ ಇರಲಿ. ಕಾಲೇಜಿಗೆ ಹೋಗಲು ಬಸ್ಸಿಲ್ಲವೆಂದರೆ ಊರಿನ ನಾಲ್ಕು ಪೋಷಕರು ಸೇರಿ ಡಿಪೋಗೆ ಅರ್ಜಿ ಕೊಡಿ, ಬಸ್ಸು ಬರುವವರೆಗೆ ಒಂದೇ ಆಟೊವನ್ನು ತಿಂಗಳ ಲೆಕ್ಕಕ್ಕೆ ಗೊತ್ತುಮಾಡಿ. ಹದಿನೆಂಟಾದ ಮಗು ಮನೆಯಲ್ಲಿದ್ದರೆ ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ನೀವೇ ಹೋಗಿ ಪರವಾನಗಿ, ಜೋಡಿ ಬ್ರೇಕು, ಗಂಟೆಗಳ ರಿಜಿಸ್ಟರ್ ಮೂರನ್ನೂ ನೋಡಿ ಸೇರಿಸಿ. ಗಾಡಿ ಒಂದೆರಡು ವರ್ಷ ತಡವಾಗಿ ಬಂದರೆ ಯಾವ ಮಗುವೂ ಕೆಡುವುದಿಲ್ಲ. ಕಲಿಯದೆ ಬಂದರೆ ಆಗುವ ನಷ್ಟವನ್ನು ಯಾವ ವಿಮೆಯೂ ತುಂಬಿಕೊಡುವುದಿಲ್ಲ.